ಕೇಳುವವರಿದ್ದರು, ದುಡ್ಡು ಕೊಡುವವರಿರಲಿಲ್ಲ

ಅಮೆರಿಕದ ಒರೆಗಾನ್ ರಾಜ್ಯದಲ್ಲಿ ಹಿಲ್ಸ್‌ಬರೋ ಅಂತ ಒಂದು ಊರಿದೆ. ಚಿಪ್ ತಯಾರಿಸುವ ಕಾರ್ಖಾನೆಗಳ ಊರು. ನಮ್ಮ ಕಡೆಯ ಎಂಜಿನಿಯರುಗಳು ಅಲ್ಲಿ ಬೇಕಾದಷ್ಟು ಜನ ಇದ್ದಾರೆ. ನಾನೂ ಕೆಲವು ವರ್ಷ ಅಲ್ಲಿದ್ದೆ. ಅಲ್ಲಿಂದ ಪೋರ್ಟ್‌ಲ್ಯಾಂಡ್ ಪೇಟೆಗೆ ಹೋಗುವ 26ನೇ ನಂಬರಿನ ಹೆದ್ದಾರಿ ಗುಡ್ಡ ಇಳಿದು ಕೊನೆಗೆ ಒಂದು ಸುರಂಗದೊಳಗೆ ನುಗ್ಗುತ್ತದೆ. ಕಾರಿನ ರೇಡಿಯೋದಲ್ಲಿ 620 ಎಎಂ ಹಾಕಿಕೊಂಡಿರುತ್ತಿದ್ದೆ. ಸುರಂಗ ಹೊಕ್ಕ ತಕ್ಷಣ ಮಾತು ಕಡಿದು ಬರೀ ಗೊರಗೊರ ಸದ್ದು. ಆಚೆ ಬರುವಷ್ಟರಲ್ಲಿ ಅವರು ಹೇಳುತ್ತಿದ್ದ ವಾಕ್ಯ ಮುಗಿದಿರುತ್ತಿತ್ತು. ಆ ಒಂದು ವಾಕ್ಯಕ್ಕಾಗಿ ಮನಸ್ಸು ಚಡಪಡಿಸುತ್ತಿತ್ತು. ಅಷ್ಟು ಹಚ್ಚಿಕೊಂಡಿದ್ದೆ ಆ ಸ್ಟೇಷನ್ನನ್ನು.

ಅದು ಕೆಪಿಒಜೆ, ಪ್ರಗತಿಪರ ಟಾಕ್ ರೇಡಿಯೋ. ಇವತ್ತು ಆ ಸ್ಟೇಷನ್ನಿನಲ್ಲಿ ಆ ಮಾತು ಇಲ್ಲ. ಅದರ ಜೊತೆಯಲ್ಲೇ ಶುರುವಾದ ಏರ್ ಅಮೆರಿಕಾ ಎಂಬ ದೊಡ್ಡ ನೆಟ್‌ವರ್ಕ್ ಕೂಡ ಇಲ್ಲ. "ಎಡಪಂಥೀಯರ ಮಾತು ಕೇಳೋರೇ ಇಲ್ಲ, ಅದಕ್ಕೇ ಮುಚ್ಚಿಹೋಯ್ತು" ಅಂತ ಸುಮಾರು ಜನ ಹೇಳುತ್ತಾರೆ. ಅದು ನಿಜವಲ್ಲ ಅಂತ ಹೇಳುವುದಕ್ಕೇ ನಾನು ಇಲ್ಲಿ ನಿಂತಿದ್ದೇನೆ. ಕೇಳುವವರು ಇದ್ದರು. ದುಡ್ಡು ಕೊಡುವವರು ಇರಲಿಲ್ಲ. ರೇಡಿಯೋ ವ್ಯಾಪಾರದಲ್ಲಿ ಇವರಿಬ್ಬರೂ ಬೇರೆ ಬೇರೆ ಜನ.

ಇದು ನನಗೆ ಅರ್ಥವಾಗಿದ್ದು ಒಬ್ಬ ಗೆಳೆಯರ ಟೈಲ್ಸ್ ಅಂಗಡಿಯಲ್ಲಿ. ಅವರು ದಾವಣಗೆರೆಯವರು. ಅಂಗಡಿಯ ಹಿಂದೆ ಗೋದಾಮು, ಅಲ್ಲಿ ಪೆಟ್ಟಿಗೆಗಳ ಮೇಲೆ ಒಂದು ಹಳೇ ರೇಡಿಯೋ, ಅದರ ಗುಂಡಿಗಳ ಮೇಲೆಲ್ಲ ಸಿಮೆಂಟಿನ ಬಿಳಿ ಪುಡಿ. ಬೆಳಗ್ಗೆಯಿಂದ ಸಂಜೆವರೆಗೆ ಅದರಲ್ಲಿ 620 ಓಡುತ್ತಿತ್ತು. ಒಂದು ದಿನ ರೇಡಿಯೋ ಕಂಪನಿಯೊಂದರ ಸೇಲ್ಸ್‌ನವರು ದರಪಟ್ಟಿ ಹಿಡಿದು ಬಂದರು. ನಾನು ಅಲ್ಲೇ ಕೂತಿದ್ದೆ. ಹಾಡಿನ ಸ್ಟೇಷನ್, ಆಟದ ಸ್ಟೇಷನ್, ಪ್ರಗತಿಪರ ಟಾಕ್, ಎಲ್ಲದಕ್ಕೂ ಬೇರೆ ಬೇರೆ ರೇಟು. ಟಾಕ್‌ನ ರೇಟೇ ಎಲ್ಲಕ್ಕಿಂತ ಕಡಿಮೆ. ನನ್ನ ಗೆಳೆಯರು ಎರಡು ನಿಮಿಷ ಯೋಚಿಸಿ ಆಟದ ಸ್ಟೇಷನ್ನಿಗೆ ಜಾಹೀರಾತು ಕೊಟ್ಟರು.

ಸೇಲ್ಸ್‌ನವರು ಹೋದಮೇಲೆ ಗೆಳೆಯರನ್ನು ಕೇಳಿದೆ, ನೀವು ದಿನಾ ಕೇಳೋದು ಒಂದು, ದುಡ್ಡು ಕೊಟ್ಟಿದ್ದು ಇನ್ನೊಂದಕ್ಕೆ, ಯಾಕೆ? ಅಧ್ಯಕ್ಷ ಚುನಾವಣೆಯಲ್ಲಿ ಬುಷ್ ಎದುರು ಕೆರಿ ನಿಂತಿದ್ದ ಕಾಲ ಅದು. ಅವರು ಹೇಳಿದ್ದು ಇಷ್ಟು: "ನೋಡ್ರಿ, ಅಡುಗೆಮನೆಗೆ ಟೈಲ್ಸ್ ಹಾಕಿಸೋರಲ್ಲಿ ಬುಷ್ ಕಡೆಯವರೂ ಇರ್ತಾರೆ, ಕೆರಿ ಕಡೆಯವರೂ ಇರ್ತಾರೆ. ಒಬ್ಬರನ್ನ ಬೈಯೋ ಕಾರ್ಯಕ್ರಮದ ಮಧ್ಯೆ ನನ್ನ ಅಂಗಡಿ ಹೆಸರು ಯಾಕೆ ಬೇಕು?"

ಅವರನ್ನು ತಪ್ಪು ಅನ್ನುವುದಕ್ಕಾಗುವುದಿಲ್ಲ. ಮನೆ ನಡೆಯಬೇಕಲ್ವಾ. ಆದರೆ ಅವತ್ತು ನನ್ನ ತಲೆಗೆ ಒಂದು ಪ್ರಶ್ನೆ ಹೊಕ್ಕಿತು. ಇದೇ ಭಯ ಬಲಪಂಥೀಯ ಟಾಕ್ ರೇಡಿಯೋಗೂ ತಟ್ಟಬೇಕಿತ್ತು. ಅವರೂ ಬೈಯುತ್ತಾರೆ, ಇನ್ನೂ ಜೋರಾಗಿಯೇ ಬೈಯುತ್ತಾರೆ. ಅವರಿಗೆ ಹೇಗೆ ಹೊಳೆಯ ಹಾಗೆ ದುಡ್ಡು ಹರಿದುಬಂತು?

ಮೊದಲು ಟಾಕ್ ರೇಡಿಯೋ ಅಂದರೇನು ಅಂತ ಸ್ವಲ್ಪ ಹೇಳಬೇಕು, ಯಾಕೆಂದರೆ ನಮ್ಮಲ್ಲಿ ಅಂಥದ್ದು ಇಲ್ಲ. ಭಾರತದ ಮೊದಲ ಖಾಸಗಿ ಎಫ್‌ಎಂ ರೇಡಿಯೋ ಸಿಟಿ 2001ರಲ್ಲಿ ಬೆಂಗಳೂರಿನಲ್ಲೇ ಶುರುವಾಯಿತು. ಆದರೆ ಖಾಸಗಿ ಎಫ್‌ಎಂನವರು ತಮ್ಮದೇ ಸುದ್ದಿ ಮಾಡುವ ಹಾಗಿಲ್ಲ, ಆಕಾಶವಾಣಿಯ ವಾರ್ತೆಯನ್ನು ಇದ್ದ ಹಾಗೇ ಹಾಕಬಹುದು ಅಷ್ಟೇ. ಹಾಗಾಗಿ ನಮಗೆ ರೇಡಿಯೋ ಅಂದರೆ ಹಾಡು, ಹರಟೆ. ಅಮೆರಿಕದಲ್ಲಿ ಹಾಗಲ್ಲ. ಒಬ್ಬರೇ ಮೈಕ್ ಮುಂದೆ ಕೂತು ದಿನಾ ಮೂರು ಗಂಟೆ ರಾಜಕೀಯ ಮಾತಾಡುತ್ತಾರೆ. ಕೇಳುಗರು ಫೋನ್ ಮಾಡುತ್ತಾರೆ, ಒಪ್ಪುತ್ತಾರೆ, ಜಗಳ ಆಡುತ್ತಾರೆ. ಟ್ರಕ್ ಓಡಿಸುವವರು, ಗ್ಯಾರೇಜಿನವರು, ಮನೆಯಲ್ಲಿ ಒಬ್ಬರೇ ಇರುವ ಹಿರಿಯರು, ಇವರಿಗೆಲ್ಲ ಆ ಧ್ವನಿ ಮನೆಯವರ ಧ್ವನಿ ಇದ್ದ ಹಾಗೆ.

ಇದು ಎಎಂ ಮೇಲೆ, ಅಂದರೆ ನಮ್ಮ ಮೀಡಿಯಂ ವೇವ್ ಮೇಲೆ ಬೆಳೆದದ್ದಕ್ಕೆ ಕಾರಣ ಇದೆ. 1970ರ ದಶಕ ಮುಗಿಯುವ ಹೊತ್ತಿಗೆ ಹಾಡು ಕೇಳುವವರೆಲ್ಲ ಎಫ್‌ಎಂಗೆ ಹೋಗಿಬಿಟ್ಟರು. ಅಲ್ಲಿ ಸದ್ದು ಸ್ವಚ್ಛ. ಎಎಂ ಸ್ಟೇಷನ್‌ಗಳು ಖಾಲಿ ಛತ್ರದ ಹಾಗೆ ಉಳಿದವು. ಮಾತಿಗೆ ಅಷ್ಟು ಸ್ವಚ್ಛ ಸದ್ದು ಬೇಕಾಗಿಲ್ಲವಲ್ಲ, ಅದಕ್ಕೆ ಮಾತು ಅಲ್ಲಿಗೆ ಬಂತು.

ಎರಡನೇ ಕಾರಣ ಕಾನೂನು. 1949ರಿಂದ ಅಲ್ಲಿ ಫೇರ್‌ನೆಸ್ ಡಾಕ್ಟ್ರಿನ್ ಅಂತ ಒಂದು ನಿಯಮ ಇತ್ತು. ತರಂಗಾಂತರ ಸಾರ್ವಜನಿಕರ ಆಸ್ತಿ, ಅದನ್ನು ಬಳಸುವವರು ವಿವಾದದ ವಿಷಯಗಳನ್ನು ಎತ್ತಿಕೊಳ್ಳಬೇಕು, ಬೇರೆ ಬೇರೆ ಅಭಿಪ್ರಾಯಗಳಿಗೆ ಜಾಗ ಕೊಡಬೇಕು ಅನ್ನುವ ನಿಯಮ. ಇದಕ್ಕೆ ಅಂಟಿಕೊಂಡ ಇನ್ನೊಂದು ನಿಯಮವೂ ಇತ್ತು, ಯಾರ ಮೇಲಾದರೂ ವೈಯಕ್ತಿಕ ದಾಳಿ ಮಾಡಿದರೆ ಅವರಿಗೆ ಉತ್ತರ ಕೊಡಲು ಅವಕಾಶ ಕೊಡಬೇಕು ಅನ್ನುವುದು. ಪೆನ್ಸಿಲ್ವೇನಿಯಾದ ರೆಡ್ ಲಯನ್ ಊರಿನ ಒಂದು ಸಣ್ಣ ಸ್ಟೇಷನ್ನಿನಲ್ಲಿ ಬಿಲ್ಲಿ ಜೇಮ್ಸ್ ಹಾರ್ಗಿಸ್ ಎಂಬ ಪಾದ್ರಿ ಫ್ರೆಡ್ ಕುಕ್ ಎಂಬ ಪತ್ರಕರ್ತನ ಮೇಲೆ ವಾಗ್ದಾಳಿ ಮಾಡಿದ. ಕುಕ್, ನನಗೂ ಉತ್ತರ ಕೊಡಲು ಸಮಯ ಕೊಡಿ ಅಂದ. ಸ್ಟೇಷನ್ನು, ದುಡ್ಡು ಕೊಟ್ಟು ಸಮಯ ತಗೊ ಅಂದಿತು. ಕೇಸು ಸುಪ್ರೀಂ ಕೋರ್ಟಿಗೆ ಹೋಯಿತು. 1969ರಲ್ಲಿ ಕೋರ್ಟು ಕುಕ್ ಕಡೆಗೇ ತೀರ್ಪು ಕೊಟ್ಟಿತು. ಅಂಥ ಕಾಲದಲ್ಲಿ ದಿನಾ ಮೂರು ಗಂಟೆ ಒಂದೇ ಪಕ್ಷದ ಮಾತು ಹಾಕುವ ಧೈರ್ಯ ಯಾವ ಮಾಲೀಕರಿಗೆ ಬರುತ್ತದೆ?

1987ರಲ್ಲಿ ರೇಗನ್ ಸರ್ಕಾರದ ಕಾಲದಲ್ಲಿ ಆ ನಿಯಮ ಹೋಯಿತು. ಸಂಸತ್ತು ಅದನ್ನು ಕಾನೂನಾಗಿಯೇ ಉಳಿಸಿಕೊಳ್ಳಲು ಮಸೂದೆ ಪಾಸು ಮಾಡಿತ್ತು. ರೇಗನ್ ಸಹಿ ಹಾಕಲಿಲ್ಲ. ಮರುವರ್ಷ, 1988ರ ಆಗಸ್ಟ್‌ನಲ್ಲಿ, ಬಲಪಂಥೀಯ ಟಾಕ್ ನಿರೂಪಕ ರಶ್ ಲಿಂಬಾ ದೇಶಾದ್ಯಂತ ಪ್ರಸಾರ ಶುರು ಮಾಡಿದ.

ಲಿಂಬಾನ ರಾಜಕೀಯ ನನಗೆ ಒಂದು ಚೂರೂ ಹಿಡಿಸುವುದಿಲ್ಲ. ಆದರೆ ಅವನ ಕಸುಬು ಅವನಿಗೆ ಗೊತ್ತಿತ್ತು. ಹುಡುಗನಾಗಿದ್ದಾಗಿನಿಂದ ರೇಡಿಯೋದಲ್ಲಿ ಹಾಡು ಹಾಕಿಕೊಂಡೇ ಬೆಳೆದವನು. ಯಾವಾಗ ಸುಮ್ಮನಾಗಬೇಕು, ಯಾವಾಗ ಕಾಗದ ಸರಬರ ಅನ್ನಿಸಬೇಕು, ಬ್ರೇಕ್‌ಗೆ ಹೋಗುವ ಮುಂಚೆ ಏನು ಬಿಟ್ಟು ಹೋಗಬೇಕು ಅನ್ನುವುದು ಅವನ ಕೈಗೆ ಅಂಟಿಹೋಗಿತ್ತು.

ಅವನ ಹಿಂದೆ ಎಡ್ ಮೆಕ್ಲಾಫ್ಲಿನ್ ಅಂತ ಒಬ್ಬ ಪಳಗಿದ ವ್ಯಾಪಾರಿ ಇದ್ದ. ಎಬಿಸಿ ಎಂಬ ದೊಡ್ಡ ಪ್ರಸಾರ ಕಂಪನಿಯ ರೇಡಿಯೋ ವಿಭಾಗದ ಮುಖ್ಯಸ್ಥನಾಗಿದ್ದವನು. ಅವನು ಮಾಡಿದ ಲೆಕ್ಕ ನೋಡಿ. ಕಷ್ಟದಲ್ಲಿದ್ದ ಎಎಂ ಸ್ಟೇಷನ್ನಿನವರ ಹತ್ತಿರ ಹೋಗಿ, ಕಾರ್ಯಕ್ರಮಕ್ಕೆ ದುಡ್ಡು ಕೊಡಬೇಡಿ, ಅದರ ಬದಲು ಗಂಟೆಗೆ ಕೆಲವು ನಿಮಿಷ ಜಾಹೀರಾತಿನ ಸಮಯ ನನಗೆ ಬಿಡಿ, ಉಳಿದದ್ದು ನೀವು ಮಾರಿಕೊಳ್ಳಿ ಅಂದ. ಇದಕ್ಕೆ ಬಾರ್ಟರ್ ಅನ್ನುತ್ತಾರೆ. ಊರಿನಲ್ಲಿ ನಿರೂಪಕನನ್ನು ಸಂಬಳಕ್ಕೆ ಇಟ್ಟುಕೊಳ್ಳುವ ಖರ್ಚು ಉಳಿಯಿತು. ಶುರುವಿನಲ್ಲಿ 56 ಸ್ಟೇಷನ್, ಕೊನೆಗೆ ಆರುನೂರು. 2008ರಲ್ಲಿ ಅವನು ಮಾಡಿಕೊಂಡ ಎಂಟು ವರ್ಷದ ಒಪ್ಪಂದ 40 ಕೋಟಿ ಡಾಲರಿನದು ಎಂದು ವರದಿಯಾಗಿತ್ತು.

ಜಾಹೀರಾತು ಕೊಟ್ಟವರು ಯಾರು? ಚಿನ್ನದ ನಾಣ್ಯ ಮಾರುವವರು, ಹಾಸಿಗೆಯವರು, ವಿಟಮಿನ್ ಮಾತ್ರೆಯವರು, ತೆರಿಗೆ ಸಾಲ ಬಿಡಿಸಿಕೊಡುತ್ತೇವೆ ಅನ್ನುವವರು. ಇವರಿಗೆ ಟೈಲ್ಸ್ ಅಂಗಡಿಯ ಭಯ ಇಲ್ಲ. ಊರವರೆಲ್ಲ ಒಪ್ಪಬೇಕಾಗಿಲ್ಲ, ಕೇಳುತ್ತಿರುವವರಲ್ಲಿ ನೂರಕ್ಕೆ ಒಬ್ಬರು ಫೋನ್ ಮಾಡಿ ಕೊಂಡರೆ ಸಾಕು. ಅದಕ್ಕೆ ನಿರೂಪಕನ ಬಾಯಿಂದಲೇ ಜಾಹೀರಾತು ಓದಿಸುತ್ತಾರೆ, ಅವನ ಮೇಲಿನ ನಂಬಿಕೆ ಅವರಿಗೆ ಬೇಕು. ಇಂಥ ಜಾಹೀರಾತು ಹುಟ್ಟಿಕೊಳ್ಳಬೇಕಾದರೆ ವರ್ಷಗಟ್ಟಲೆ ಅದೇ ಧ್ವನಿ, ಅದೇ ಹೊತ್ತಿಗೆ, ನೂರಾರು ಊರಲ್ಲಿ ಕೇಳಬೇಕು. ಏರ್ ಅಮೆರಿಕಾ ಹುಟ್ಟಿದಾಗ ಲಿಂಬಾನ ಕಾರ್ಯಕ್ರಮಕ್ಕೆ ಹದಿನೈದು ವರ್ಷ ದಾಟಿತ್ತು.

ಅದಕ್ಕಿಂತ ಮುಂಚೆ ಎಡದವರು ಪ್ರಯತ್ನ ಮಾಡಲಿಲ್ಲ ಅಂತಲ್ಲ. ನ್ಯೂಯಾರ್ಕಿನ ಗವರ್ನರ್ ಆಗಿದ್ದ ಮಾರಿಯೋ ಕ್ವೊಮೊ ಮಾಡಿದರು. ಒಳ್ಳೆ ಮಾತುಗಾರರು, ಆದರೆ ಭಾಷಣ ಬೇರೆ, ರೇಡಿಯೋ ಬೇರೆ. ನನಗೆ ಜಾಸ್ತಿ ಇಷ್ಟವಾಗುವುದು ಜಿಮ್ ಹೈಟವರ್ ಕಥೆ. ಟೆಕ್ಸಸ್ ರಾಜ್ಯದ ಕೃಷಿ ಕಮಿಷನರ್ ಆಗಿದ್ದವರು. ರೈತರ ಭಾಷೆ, ಗಾದೆ, ನಗು ಎಲ್ಲ ನಾಲಗೆ ಮೇಲೆ. 1990ರ ದಶಕದ ನಡುವೆ ಎಬಿಸಿ ರೇಡಿಯೋದಲ್ಲಿ ಅವರ ಕಾರ್ಯಕ್ರಮ ಬರುತ್ತಿತ್ತು. 1995ರಲ್ಲಿ ಡಿಸ್ನಿ ಕಂಪನಿ ಎಬಿಸಿಯನ್ನು ಕೊಳ್ಳುತ್ತೇವೆ ಎಂದು ಘೋಷಿಸಿತು. ಹೈಟವರ್ ಎಬಿಸಿಯ ಮೈಕಿನಲ್ಲೇ ಅದನ್ನು ಟೀಕಿಸಿದರು. ಸ್ವಲ್ಪ ದಿನಕ್ಕೆ ಕಾರ್ಯಕ್ರಮ ನಿಂತಿತು. ಆದಾಯ ಸಾಲದು ಅಂತ ಕಂಪನಿ ಹೇಳಿತು. ಬಾಯಿ ಬಿಟ್ಟಿದ್ದಕ್ಕೆ ಅಂತ ಹೈಟವರ್ ಹೇಳಿದರು.

ಯಾರು ಹೇಳಿದ್ದು ನಿಜವಾದರೂ, ತೊಡಕು ಅಲ್ಲೇ ಇದೆ ನೋಡಿ. ತೆರಿಗೆ ಇಳಿಸಿ, ಕಂಪನಿಗಳ ಮೇಲಿನ ಕಟ್ಟುಪಾಡು ತೆಗೀರಿ ಅನ್ನುವ ಮಾತಿನಿಂದ ಜಾಹೀರಾತು ಕೊಡುವ ದೊಡ್ಡ ಕಂಪನಿಗೆ ನೋವಾಗುವುದಿಲ್ಲ. ಕೂಲಿ ಜಾಸ್ತಿ ಮಾಡಿ, ಔಷಧಿ ಕಂಪನಿಗಳ ಲಾಭ ತನಿಖೆ ಮಾಡಿ ಅಂತ ಗಂಟೆಗಟ್ಟಲೆ ಹೇಳಿ, ಬ್ರೇಕ್‌ನಲ್ಲಿ ಅದೇ ಕಂಪನಿಯ ಜಾಹೀರಾತು ನಿರೀಕ್ಷಿಸುವುದು ಕಷ್ಟ. ಪ್ರಗತಿಪರ ರೇಡಿಯೋ ತನ್ನ ಅನ್ನದಾತನನ್ನೇ ಪ್ರಶ್ನೆ ಮಾಡಬೇಕಾಗಿತ್ತು. ಮಾಡದಿದ್ದರೆ ಅದು ಪ್ರಗತಿಪರ ಆಗುತ್ತಿರಲಿಲ್ಲ.

1996ರಲ್ಲಿ ಇನ್ನೊಂದು ಕಾನೂನು ಬಂತು, ಟೆಲಿಕಮ್ಯುನಿಕೇಷನ್ಸ್ ಆಕ್ಟ್. ಅಲ್ಲಿಯವರೆಗೆ ಒಂದು ಕಂಪನಿ ದೇಶದಲ್ಲಿ ಇಂತಿಷ್ಟೇ ರೇಡಿಯೋ ಸ್ಟೇಷನ್ ಇಟ್ಟುಕೊಳ್ಳಬಹುದು ಅಂತ ಮಿತಿ ಇತ್ತು, ಕೊನೆಗೆ ಅದು 40ರ ಆಸುಪಾಸಿನಲ್ಲಿತ್ತು. ದೇಶಮಟ್ಟದ ಆ ಮಿತಿಯನ್ನೇ ತೆಗೆದುಹಾಕಿದರು. ಸಹಿ ಹಾಕಿದ್ದು ಡೆಮಾಕ್ರಟಿಕ್ ಪಕ್ಷದ ಕ್ಲಿಂಟನ್, ಅದನ್ನು ಮರೆಯಬಾರದು. ಕೆಲವೇ ವರ್ಷದಲ್ಲಿ ಕ್ಲಿಯರ್ ಚಾನೆಲ್ ಕಂಪನಿ ಸುಮಾರು 1,200 ಸ್ಟೇಷನ್‌ಗಳ ಒಡೆಯ ಆಯಿತು. ಲಿಂಬಾನ ಕಾರ್ಯಕ್ರಮ ಹಂಚುತ್ತಿದ್ದ ಪ್ರೀಮಿಯರ್ ಕಂಪನಿಯೂ ಅದರದ್ದೇ. ಅಂಗಡಿಯೂ ಅವರದ್ದು, ಮಾಲೂ ಅವರದ್ದು. ಹೊಸಬರಿಗೆ ಒಳ್ಳೆ ಕಪಾಟಿನಲ್ಲಿ ಜಾಗ ಯಾಕೆ ಕೊಡುತ್ತಾರೆ?

ಈಗ ಏರ್ ಅಮೆರಿಕಾಗೆ ಬರೋಣ. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಇಲ್ಲಿ ಹೊರಗಿನವರ ಏಟು ಎಷ್ಟೋ, ಒಳಗಿನವರ ತಪ್ಪೂ ಅಷ್ಟೇ. ಆ ತಪ್ಪುಗಳನ್ನು ನಾವು, ಅಂದರೆ ಆ ಮಾತನ್ನು ಪ್ರೀತಿಸಿದವರು, ಒಪ್ಪಿಕೊಳ್ಳಬೇಕು.

ಶಿಕಾಗೋದ ಶೆಲ್ಡನ್ ಡ್ರಾಬ್ನಿ ಮತ್ತು ಅನಿತಾ ಡ್ರಾಬ್ನಿ ಎಂಬ ದಂಪತಿಗೆ ಈ ಯೋಚನೆ ಮೊದಲು ಬಂದದ್ದು. ಆಮೇಲೆ ಅದು ಇವಾನ್ ಕೋಹೆನ್ ಎಂಬುವರ ಕೈಗೆ ಹೋಯಿತು. ಮೂರು ಕೋಟಿ ಡಾಲರ್ ಬಂಡವಾಳ ಇದೆ ಎಂಬ ಮಾತು ಹೊರಗೆ ಬಂತು. ಕೈಯಲ್ಲಿದ್ದದ್ದು ಅದರ ಒಂದು ಸಣ್ಣ ಪಾಲು. 2004ರ ಮಾರ್ಚ್ 31ರ ಮಧ್ಯಾಹ್ನ ಪ್ರಸಾರ ಶುರು. ದೊಡ್ಡ ಹೆಸರು ಆಲ್ ಫ್ರಾಂಕೆನ್, ಟಿವಿಯ ಹಾಸ್ಯ ಬರಹಗಾರರು. ನಟಿ ಜನೀನ್ ಗರಾಫಲೋ, ಅವರ ಜೊತೆ ಸ್ಯಾಮ್ ಸೀಡರ್. ಫ್ಲಾರಿಡಾದಲ್ಲಿ ರೇಡಿಯೋ ಮಾಡಿ ಗೆದ್ದಿದ್ದ ರ‍್ಯಾಂಡಿ ರೋಡ್ಸ್. ಮತ್ತೆ ಆಗ ಯಾರಿಗೂ ಅಷ್ಟು ಗೊತ್ತಿಲ್ಲದ ರೇಚಲ್ ಮ್ಯಾಡೋ.

ಎರಡೇ ವಾರ. ಶಿಕಾಗೋ ಮತ್ತು ಲಾಸ್ ಏಂಜಲೀಸ್‌ನ ಸ್ಟೇಷನ್‌ಗಳಲ್ಲಿ ಪ್ರಸಾರ ನಿಂತುಹೋಯಿತು. ಅವು ಬಾಡಿಗೆಗೆ ತೆಗೆದುಕೊಂಡ ಸ್ಟೇಷನ್‌ಗಳು. ಚೆಕ್ ಪಾಸಾಗಲಿಲ್ಲ ಅಂತ ಮಾಲೀಕರು ಹೇಳಿದರು. ಲೆಕ್ಕದಲ್ಲಿ ತಕರಾರಿತ್ತು, ನಾವೇ ತಡೆದೆವು ಅಂತ ಏರ್ ಅಮೆರಿಕಾದವರು ಹೇಳಿದರು. ದೇಶದ ಎರಡನೇ ಮತ್ತು ಮೂರನೇ ದೊಡ್ಡ ರೇಡಿಯೋ ಪೇಟೆಗಳು ಅವು. ಮೇ ತಿಂಗಳ ಹೊತ್ತಿಗೆ ಕೋಹೆನ್ ಹೊರಗೆ ಹೋದರು. ಮರುವರ್ಷ ಇನ್ನೊಂದು ಬಯಲಾಯಿತು. ಕೋಹೆನ್ ಮೊದಲು ಕೆಲಸ ಮಾಡುತ್ತಿದ್ದ, ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಬಡ ಮಕ್ಕಳಿಗಾಗಿ ನಡೆಯುತ್ತಿದ್ದ ಗ್ಲೋರಿಯಾ ವೈಸ್ ಕ್ಲಬ್ಬಿನಿಂದ 8,75,000 ಡಾಲರ್ ಈ ರೇಡಿಯೋಗೆ ಬಂದಿತ್ತು. ಹೊಸ ಆಡಳಿತದವರು ತೀರಿಸುತ್ತೇವೆ ಅಂದರು. ಆದರೆ ಬಡವರ ಪರ ಮಾತಾಡುವ ರೇಡಿಯೋ ಬಡ ಮಕ್ಕಳ ದುಡ್ಡಿನಲ್ಲಿ ನಡೆದಿದೆ ಅನ್ನುವ ಮಾತು ಕೇಳುವುದು ನಮಗೆ ಎಷ್ಟು ಕಷ್ಟವಾಯಿತು ಅಂತ ಹೇಳಲಾರೆ.

ನ್ಯೂಯಾರ್ಕಿನ ಸ್ಟೇಷನ್ ಬಗ್ಗೆಯೂ ಒಂದು ಮಾತು. ಅದು ಡಬ್ಲ್ಯುಎಲ್‌ಐಬಿ, 1190 ಎಎಂ. ಅದು ಅಲ್ಲಿನ ಕಪ್ಪು ಜನರ, ಕೆರಿಬಿಯನ್‌ನಿಂದ ಬಂದವರ ಸ್ಟೇಷನ್ ಆಗಿತ್ತು. ಅವರ ಸುದ್ದಿ, ಅವರ ಸಂಗೀತ, ಅವರ ಜಗಳಗಳೆಲ್ಲ ಅಲ್ಲಿ ಕೇಳುತ್ತಿದ್ದವು. ಏರ್ ಅಮೆರಿಕಾ ಆ ಜಾಗಕ್ಕೆ ಬಂದಾಗ ಹಳೇ ಕೇಳುಗರು ನೊಂದುಕೊಂಡರು, ಅದರಲ್ಲಿ ನ್ಯಾಯ ಇತ್ತು. ಯಾರ ಪರ ಮಾತಾಡುತ್ತೇವೆ ಅನ್ನುತ್ತಿದ್ದರೋ ಅವರ ಜಗಲಿಯನ್ನೇ ಹಿಡಿದುಕೊಂಡು ಕೂತ ಹಾಗಾಯಿತು. ಆ ಕೇಳುಗರು ಆಮೇಲೆ ಇವರ ಕೇಳುಗರಾಗಲಿಲ್ಲ.

ಇಲ್ಲಿ ಸ್ವಲ್ಪ ನಮ್ಮ ಮೈಸೂರಿನ ಕಡೆ ಹೋಗಿಬರುತ್ತೇನೆ. 1935ರಲ್ಲಿ ಮನಶ್ಶಾಸ್ತ್ರದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ ರೇಡಿಯೋ ಸ್ಟೇಷನ್ ಶುರು ಮಾಡಿದರು. 30 ವ್ಯಾಟ್‌ನ ಪುಟ್ಟ ಟ್ರಾನ್ಸ್‌ಮಿಟರ್. ಆಕಾಶವಾಣಿ ಅನ್ನುವ ಹೆಸರು ರೇಡಿಯೋಗೆ ಬಂದದ್ದೇ ಅಲ್ಲಿಂದ. ಸ್ವಂತ ದುಡ್ಡು ಹಾಕಿ ಕೆಲವು ವರ್ಷ ನಡೆಸಿದರು, ಕೊನೆಗೆ ಮೈಸೂರು ಸಂಸ್ಥಾನ ಅದನ್ನು ವಹಿಸಿಕೊಂಡಿತು. ಸಣ್ಣದಾಗಿ, ಒಂದು ಊರಿಗಾಗಿ ಶುರು ಮಾಡಿದ್ದಕ್ಕೇ ಅಷ್ಟು ಖರ್ಚಿತ್ತು. ಏರ್ ಅಮೆರಿಕಾದವರು ಮೊದಲ ದಿನವೇ ದೇಶದ ಮೂರು ಅತಿ ದೊಡ್ಡ ನಗರಗಳಲ್ಲಿ ಸ್ಟೇಷನ್ ಬಾಡಿಗೆ ಹಿಡಿದು, ಸಿನಿಮಾ ತಾರೆಯರಿಗೆ ಸಂಬಳ ಗೊತ್ತುಮಾಡಿ, ದಿನವಿಡೀ ಹೊಸ ಕಾರ್ಯಕ್ರಮ ಕೊಡಲು ಹೊರಟರು. ಲಿಂಬಾ ಶುರು ಮಾಡಿದ್ದು ದಿನಕ್ಕೆ ಒಂದೇ ಕಾರ್ಯಕ್ರಮದಿಂದ.

ಅದೇ 2004ರ ಜನವರಿಯಲ್ಲಿ ಎಡ್ ಶುಲ್ಟ್ಜ್ ಎಂಬುವರು ನಾರ್ತ್ ಡಕೋಟಾದ ಫಾರ್ಗೋ ಊರಿನಿಂದ ಪ್ರಗತಿಪರ ಟಾಕ್ ಕಾರ್ಯಕ್ರಮವನ್ನು ದೇಶಕ್ಕೆ ಹಂಚಲು ಶುರು ಮಾಡಿದ್ದರು. ಫುಟ್ಬಾಲ್ ಕಾಮೆಂಟರಿ ಹೇಳಿ ಪಳಗಿದ ಗಂಟಲು. ಒಂದೊಂದೇ ಸ್ಟೇಷನ್ ಸೇರಿಸಿಕೊಂಡು ಹೋದರು. ಅವರ ಕಾರ್ಯಕ್ರಮ ಗಟ್ಟಿಯಾಗಿ ನಿಂತಿತು. ಕಸುಬು ಬಲ್ಲವರು, ಖರ್ಚು ಹಿಡಿತದಲ್ಲಿ ಇಟ್ಟುಕೊಂಡವರು ಆ ಪೇಟೆಯಲ್ಲೂ ಉಳಿದರು ಅನ್ನುವುದಕ್ಕೆ ಇದನ್ನು ಹೇಳಿದೆ.

ಇನ್ನು ತರಂಗದ ವಿಚಾರ. ನಿಮ್ಮಲ್ಲಿ ಹಿರಿಯರಿಗೆ ಗೊತ್ತಿರುತ್ತದೆ, ಧಾರವಾಡದ 765, ಬೆಂಗಳೂರಿನ 612 ಎಷ್ಟು ದೂರ ಕೇಳುತ್ತಿತ್ತು ಅಂತ. 200 ಕಿಲೋವ್ಯಾಟ್ ಶಕ್ತಿ ಅದಕ್ಕೆ. ಅಮೆರಿಕದಲ್ಲಿ ಎಎಂ ಸ್ಟೇಷನ್ನಿಗೆ ಹೆಚ್ಚೆಂದರೆ 50 ಕಿಲೋವ್ಯಾಟ್. ರಾತ್ರಿ ಮೀಡಿಯಂ ವೇವ್ ಆಕಾಶಕ್ಕೆ ತಾಗಿ ನೂರಾರು ಮೈಲಿ ಆಚೆ ಇಳಿಯುತ್ತದೆ. ದೂರದ ಸ್ಟೇಷನ್ನಿಗೆ ತೊಂದರೆ ಆಗಬಾರದು ಅಂತ ಎಷ್ಟೋ ಸ್ಟೇಷನ್‌ಗಳು ಸೂರ್ಯ ಮುಳುಗಿದ ಮೇಲೆ ಶಕ್ತಿ ತಗ್ಗಿಸಬೇಕು, ಕೆಲವು ಬಂದ್ ಆಗಬೇಕು. 50 ಕಿಲೋವ್ಯಾಟ್‌ನ ಹಳೇ ದೊಡ್ಡ ಸ್ಟೇಷನ್‌ಗಳಲ್ಲಿ ಲಿಂಬಾನಂಥವರು ಆಗಲೇ ಕೂತಿದ್ದರು. ಪ್ರಗತಿಪರರಿಗೆ ಸಿಕ್ಕಿದ್ದು ಹೆಚ್ಚಾಗಿ ಬೇರೆ ಏನು ಹಾಕಿದರೂ ಓಡದ, ಶಕ್ತಿ ಕಡಿಮೆಯ ಸ್ಟೇಷನ್‌ಗಳು. ಚಳಿಗಾಲದಲ್ಲಿ ಅಲ್ಲಿ ಸಂಜೆ ಐದಕ್ಕೇ ಕತ್ತಲು. ಜನ ಆಫೀಸಿನಿಂದ ಮನೆಗೆ ಹೊರಡುವ ಹೊತ್ತು ಅದು, ರೇಡಿಯೋಗೆ ಅತಿ ಬೆಲೆಬಾಳುವ ಹೊತ್ತು. ಅದೇ ಹೊತ್ತಿಗೆ ಧ್ವನಿ ಕ್ಷೀಣ. ಕೇಳುಗರ ಸಂಖ್ಯೆ ಕಡಿಮೆ ಬಂದರೆ ವಿಷಯ ಸರಿ ಇಲ್ಲ ಅಂತ ಲೆಕ್ಕ ಬರೆದುಕೊಳ್ಳುತ್ತಾರೆ.

2007ರಲ್ಲಿ ಒಂದು ಎಣಿಕೆ ಬಂತು. ಸೆಂಟರ್ ಫಾರ್ ಅಮೆರಿಕನ್ ಪ್ರೋಗ್ರೆಸ್ ಮತ್ತು ಫ್ರೀ ಪ್ರೆಸ್ ಎಂಬ ಎರಡು ಸಂಸ್ಥೆಗಳು ಮಾಡಿದ್ದು. ಇವು ಪ್ರಗತಿಪರ ಕಡೆಯ ಸಂಸ್ಥೆಗಳೇ, ಅದನ್ನೂ ಹೇಳಿಬಿಡುತ್ತೇನೆ. ಐದು ದೊಡ್ಡ ಕಂಪನಿಗಳ 257 ಸುದ್ದಿ ಮತ್ತು ಟಾಕ್ ಸ್ಟೇಷನ್‌ಗಳನ್ನು ತೆಗೆದುಕೊಂಡರು. ವಾರದ ದಿನಗಳಲ್ಲಿ ದಿನಕ್ಕೆ ಬಲಪಂಥೀಯ ಮಾತು ಸುಮಾರು 2,570 ಗಂಟೆ, ಪ್ರಗತಿಪರ ಮಾತು 254 ಗಂಟೆ. ನೂರಕ್ಕೆ 91, ನೂರಕ್ಕೆ 9. ಚುನಾವಣೆಯಲ್ಲಿ ಅರ್ಧಕ್ಕರ್ಧ ಹಂಚಿಹೋಗುವ ದೇಶ ಅದು. ಜನರ ಮನಸ್ಸು ಹಾಗೆ 91ಕ್ಕೆ 9 ಇರಲಿಲ್ಲ.

ಈ ಹೊತ್ತಿಗೆ ನನ್ನ ಗೆಳೆಯರ ಟೈಲ್ಸ್ ಅಂಗಡಿಯ ಭಯ ದೊಡ್ಡ ರೂಪದಲ್ಲಿ ಹೊರಗೆ ಬಂದಿತ್ತು. 2006ರ ಅಕ್ಟೋಬರ್‌ನಲ್ಲಿ ಎಬಿಸಿ ರೇಡಿಯೋ ನೆಟ್‌ವರ್ಕ್ಸ್‌ನ ಒಂದು ಒಳಗಿನ ಸೂಚನಾಪತ್ರ ಬಯಲಿಗೆ ಬಂತು. ಏರ್ ಅಮೆರಿಕಾದ ಕಾರ್ಯಕ್ರಮದ ಮಧ್ಯೆ ನಮ್ಮ ಜಾಹೀರಾತು ಬರಕೂಡದು ಎಂದವರ ಪಟ್ಟಿ ಅದು. ಸುಮಾರು 90 ಹೆಸರು. ವಾಲ್‌ಮಾರ್ಟ್, ಮೈಕ್ರೋಸಾಫ್ಟ್‌ನಂಥ ಕಂಪನಿಗಳು ಅದರಲ್ಲಿದ್ದವು. ಅಮೆರಿಕದ ನೌಕಾಪಡೆಯೂ ಇತ್ತು. ಆ ಪಟ್ಟಿ ಓದಿದಾಗ ನನಗೆ ನೆನಪಾದದ್ದು 620ರ ಬ್ರೇಕ್‌ಗಳು. ಗಂಟೆಗೆ ಎಷ್ಟೋ ಸಲ ಅದೇ ಉಚಿತ ಪ್ರಕಟಣೆಗಳು. ಸೀಟ್ ಬೆಲ್ಟ್ ಹಾಕಿಕೊಳ್ಳಿ, ರಕ್ತದಾನ ಮಾಡಿ, ಕಾಡಿಗೆ ಬೆಂಕಿ ಹಚ್ಚಬೇಡಿ. ಮಾರಾಟವಾಗದೆ ಉಳಿದ ಸಮಯವನ್ನು ತುಂಬುವುದಕ್ಕೆ ಹಾಕುವಂಥವು ಅವು. ಕಾರಲ್ಲಿ ಕೂತು ಆ ಕಾಡಿನ ಬೆಂಕಿಯ ಪ್ರಕಟಣೆ ನನಗೆ ಬಾಯಿಪಾಠ ಆಗಿತ್ತು. ಅದು ದಿವಾಳಿಯ ಸದ್ದು ಅಂತ ಆಗ ಗೊತ್ತಿರಲಿಲ್ಲ.

ಅದೇ ಅಕ್ಟೋಬರ್‌ನಲ್ಲಿ ಏರ್ ಅಮೆರಿಕಾ ದಿವಾಳಿ ಅರ್ಜಿ ಹಾಕಿತು. ಎರಡೂವರೆ ವರ್ಷದಲ್ಲಿ ನಾಲ್ಕು ಕೋಟಿ ಡಾಲರಿಗೂ ಜಾಸ್ತಿ ನಷ್ಟ. ಫ್ರಾಂಕೆನ್‌ಗೇ ಮೂರು ಲಕ್ಷ ಡಾಲರಿಗೂ ಮೇಲೆ ಬಾಕಿ. 2007ರಲ್ಲಿ ಸ್ಟೀಫನ್ ಗ್ರೀನ್, ಮಾರ್ಕ್ ಗ್ರೀನ್ ಸಹೋದರರು 42.5 ಲಕ್ಷ ಡಾಲರಿಗೆ ಕೊಂಡರು. ಫ್ರಾಂಕೆನ್ ಆ ವರ್ಷದ ಫೆಬ್ರವರಿಯಲ್ಲಿ ಬಿಟ್ಟು ಮಿನ್ನೆಸೋಟಾದಿಂದ ಸೆನೆಟ್‌ಗೆ ನಿಂತರು, ಮರುಎಣಿಕೆ ಆಗಿ 312 ಮತಗಳಿಂದ ಗೆದ್ದರು. ರೇಡಿಯೋ ಇನ್ನೂ ಮೂರು ವರ್ಷ ಕುಂಟಿಕೊಂಡು ನಡೆಯಿತು. 2008ರ ಆರ್ಥಿಕ ಕುಸಿತದಲ್ಲಿ ಇದ್ದಬದ್ದ ಜಾಹೀರಾತೂ ಹೋಯಿತು. 2010ರ ಜನವರಿ 21ರಂದು ನೇರ ಪ್ರಸಾರ ನಿಂತಿತು. ಚುನಾವಣೆಗೆ ಕಂಪನಿಗಳು ಎಷ್ಟು ಬೇಕಾದರೂ ಖರ್ಚು ಮಾಡಬಹುದು ಎಂಬ ಸಿಟಿಜನ್ಸ್ ಯುನೈಟೆಡ್ ತೀರ್ಪನ್ನು ಸುಪ್ರೀಂ ಕೋರ್ಟು ಕೊಟ್ಟದ್ದೂ ಅದೇ ದಿನ.

ನೀವು ಕೇಳಬಹುದು, ನೆಟ್‌ವರ್ಕ್ ಮುಳುಗಿತು ಸರಿ, ಪೋರ್ಟ್‌ಲ್ಯಾಂಡಿನ ಸ್ಟೇಷನ್ ಏನಾಯಿತು ಅಂತ. ಅಲ್ಲಿ ನೋಡಿ, ಕೇಳುಗರು ನಿಜವಾಗಿ ಇದ್ದರು. ಕೆಪಿಒಜೆ ಕ್ಲಿಯರ್ ಚಾನೆಲ್‌ನದ್ದೇ ಸ್ಟೇಷನ್. ಹಳೇ ಹಾಡು ಹಾಕುತ್ತಿದ್ದದ್ದನ್ನು 2004ರಲ್ಲಿ ಪ್ರಗತಿಪರ ಟಾಕ್‌ಗೆ ಬದಲಾಯಿಸಿದರು. ಕೆಲವೇ ತಿಂಗಳಲ್ಲಿ ಕೇಳುಗರ ಪಾಲು ಜಿಗಿದು ಏರಿತು. ಅದನ್ನು ನೋಡಿಯೇ ಕಂಪನಿ ಬೇರೆ ಊರುಗಳಲ್ಲೂ ಇಂಥ ಸ್ಟೇಷನ್ ಶುರು ಮಾಡಿತು. ಬೆಳಗ್ಗೆ ಊರಿನವರೇ ಆದ ಕಾರ್ಲ್ ವುಲ್ಫ್‌ಸನ್ ಬರುತ್ತಿದ್ದರು. ಊರಿನ ಸೇತುವೆ, ಶಾಲೆ, ಮೇಯರ್ ಚುನಾವಣೆ ಎಲ್ಲ ಮಾತಾಡುತ್ತಿದ್ದರು. ಜನ ಹಚ್ಚಿಕೊಂಡದ್ದು ಅದಕ್ಕೆ.

2012ರ ನವೆಂಬರ್ 9, ಶುಕ್ರವಾರ. ಒಬಾಮಾ ಎರಡನೇ ಸಲ ಗೆದ್ದು ಮೂರು ದಿನ ಆಗಿತ್ತು. ಸಂಜೆ 620 ಎಎಂ ಫಾಕ್ಸ್ ಸ್ಪೋರ್ಟ್ಸ್ ಆಗಿ ಬದಲಾಯಿತು. ಸಾವಿರಾರು ಜನ ಮನವಿಗೆ ಸಹಿ ಹಾಕಿದರು. ಉಪಯೋಗ ಆಗಲಿಲ್ಲ.

ವಿಸ್ಕಾನ್ಸಿನ್‌ನ ಮ್ಯಾಡಿಸನ್ ಊರಿನಲ್ಲಿ ಮಾತ್ರ ಒಂದು ಸಲ ಉಪಯೋಗ ಆಗಿತ್ತು. ಅಲ್ಲಿ 92.1 ಎಫ್‌ಎಂನಲ್ಲಿ "ದ ಮೈಕ್" ಅಂತ ಸ್ಟೇಷನ್. 2006ರ ನವೆಂಬರ್‌ನಲ್ಲಿ ಅದನ್ನೂ ಆಟದ ಸ್ಟೇಷನ್ ಮಾಡುತ್ತೇವೆ ಅಂದರು. ಜನ ಚಳಿಯಲ್ಲಿ ಬೀದಿಗಿಳಿದರು, ಸಹಿ ಸಂಗ್ರಹಿಸಿದರು. ಕಂಪನಿ ತೀರ್ಮಾನ ವಾಪಸ್ ತೆಗೆದುಕೊಂಡಿತು. ಇನ್ನೂ ಹತ್ತು ವರ್ಷ, 2016ರವರೆಗೆ ಅದು ನಡೆಯಿತು. ಸಣ್ಣ ಊರು, ಒಳ್ಳೆ ಎಫ್‌ಎಂ ತರಂಗ, ಒಗ್ಗಟ್ಟಿನ ಕೇಳುಗರು. ಇವು ಮೂರೂ ಒಂದೇ ಕಡೆ ಸೇರಿದ ಊರುಗಳು ತೀರಾ ಕಡಿಮೆ.

ಕೇಳುಗರೂ ಒಂದೇ ಕಡೆ ಇರಲಿಲ್ಲ ಅನ್ನುವುದನ್ನೂ ಹೇಳಬೇಕು. ಅದೇ ಮನಸ್ಸಿನ ಎಷ್ಟೋ ಜನ ಎನ್‌ಪಿಆರ್ ಎಂಬ ಸಾರ್ವಜನಿಕ ರೇಡಿಯೋ ಕೇಳುತ್ತಿದ್ದರು. ಅದು ಪಕ್ಷದ ರೇಡಿಯೋ ಅಲ್ಲ, ಸುದ್ದಿಯ ರೇಡಿಯೋ. 1971ರಿಂದ ಪ್ರಸಾರ ಮಾಡುತ್ತಿದೆ, ಎಫ್‌ಎಂನಲ್ಲಿ ಸ್ವಚ್ಛವಾಗಿ ಕೇಳುತ್ತದೆ, ಮಧ್ಯೆ ಕಿರುಚುವ ಜಾಹೀರಾತಿಲ್ಲ. ಕಪ್ಪು ಜನರಿಗೆ ಅವರದ್ದೇ ಟಾಕ್ ಸ್ಟೇಷನ್‌ಗಳಿದ್ದವು. ಬಲಪಂಥೀಯ ಕೇಳುಗರಿಗೆ ರೇಡಿಯೋದಲ್ಲಿ ಮನೆ ಅಂತ ಇದ್ದದ್ದು ಒಂದೇ, ಅದೇ ಎಎಂ ಟಾಕ್.

ನನ್ನ ಮನಸ್ಸಿಗೆ ತುಂಬ ಹತ್ತಿರವಾದ ಉದಾಹರಣೆ ಇನ್ನೂ ಹಳೆಯದು. ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ 1949ರಲ್ಲಿ ಕೆಪಿಎಫ್ಎ ಶುರುವಾಯಿತು. ಜಾಹೀರಾತೇ ಬೇಡ, ಕೇಳುಗರೇ ಚಂದಾ ಕೊಡಲಿ ಅಂತ ಹೊರಟ ಮೊದಲ ಸ್ಟೇಷನ್. ಒಳಜಗಳ, ಸಾಲ, ಮುಷ್ಕರ ಎಲ್ಲ ಕಂಡಿದೆ, ಇವತ್ತಿಗೂ ಇದೆ. ಏರ್ ಅಮೆರಿಕಾ ಹುಟ್ಟುವ ಐವತ್ತೈದು ವರ್ಷ ಮುಂಚೆಯೇ ದಾರಿ ತೋರಿಸಿದವರು ಇದ್ದರು. ಆದರೆ 2004ರಲ್ಲಿ ಎಲ್ಲರ ಕಣ್ಣು ಲಿಂಬಾನ ಕಡೆ. ಅವನನ್ನು ಅವನ ಅಂಗಳದಲ್ಲೇ ಸೋಲಿಸುತ್ತೇವೆ ಅನ್ನುವ ಹಟ. ಆ ಹಟವೇ ದುಬಾರಿಯಾಯಿತು ಅಂತ ನನ್ನ ಅಭಿಪ್ರಾಯ. ಅವನ ಅಂಗಳದ ಬಾಡಿಗೆ ಕಟ್ಟುವ ಜಾಹೀರಾತುದಾರರು ಇವರಿಗೆ ಎಂದೂ ಸಿಗುವವರಾಗಿರಲಿಲ್ಲ.

ಅಲ್ಲಿದ್ದ ಜನ ಆಮೇಲೆ ಏನಾದರು? ಮ್ಯಾಡೋ 2008ರಲ್ಲಿ ಟಿವಿಗೆ ಹೋಗಿ ಮನೆಮಾತಾದರು. ಮಾರ್ಕ್ ಮ್ಯಾರನ್ ಎಂಬ ಹಾಸ್ಯಗಾರ ಏರ್ ಅಮೆರಿಕಾದಲ್ಲಿ ಕೆಲಸ ಕಳೆದುಕೊಂಡರು. 2009ರಲ್ಲಿ, ಬೀಗದ ಕಾರ್ಡು ಇನ್ನೂ ಕೆಲಸ ಮಾಡುತ್ತಿದ್ದದ್ದರಿಂದ, ರಾತ್ರಿ ಹೊತ್ತು ಅದೇ ಸ್ಟುಡಿಯೋಗೆ ನುಸುಳಿ ತಮ್ಮದೇ ಪಾಡ್‌ಕಾಸ್ಟ್ ರೆಕಾರ್ಡ್ ಮಾಡಿದರು. ಆರು ವರ್ಷದ ಮೇಲೆ ಅಧ್ಯಕ್ಷ ಒಬಾಮಾ ಅವರ ಮನೆಯ ಗ್ಯಾರೇಜಿಗೆ ಬಂದು ಮೈಕ್ ಮುಂದೆ ಕೂತರು. ಸ್ಯಾಮ್ ಸೀಡರ್ ಹಳೇ ಕಾರ್ಯಕ್ರಮದ ಹೆಸರನ್ನೇ ಉಳಿಸಿಕೊಂಡು ಇಂಟರ್‌ನೆಟ್‌ಗೆ ಹೋದರು. ಕೇಳುಗರೇ ಸದಸ್ಯರಾಗಿ ತಿಂಗಳು ತಿಂಗಳು ದುಡ್ಡು ಕಟ್ಟುತ್ತಾರೆ. ಪ್ರಗತಿಪರ ಟಾಕ್‌ನ ಇನ್ನಿಬ್ಬರು ನಿರೂಪಕರು, ಥಾಮ್ ಹಾರ್ಟ್‌ಮನ್ ಮತ್ತು ಏರ್ ಅಮೆರಿಕಾದ ಹೊರಗಿದ್ದ ಸ್ಟೆಫನಿ ಮಿಲ್ಲರ್, ರೇಡಿಯೋದಲ್ಲೂ ಇಂಟರ್‌ನೆಟ್‌ನಲ್ಲೂ ಮಾತಾಡುತ್ತಲೇ ಬಂದರು. ಶಿಕಾಗೋದಲ್ಲಿ ಡಬ್ಲ್ಯುಸಿಪಿಟಿ ಪ್ರಗತಿಪರ ಟಾಕ್ ಹಾಕುತ್ತಲೇ ಬಂದಿದೆ, ಅದರ ಮಾಲೀಕರಿಗೇ ಆ ಮಾತಿನಲ್ಲಿ ನಂಬಿಕೆ ಇದೆ.

ಪೋರ್ಟ್‌ಲ್ಯಾಂಡಿನಲ್ಲಿ 2014ರಲ್ಲಿ ಎಕ್ಸ್‌ರೇ ಎಫ್‌ಎಂ ಅಂತ ಒಂದು ಸಣ್ಣ ಸಮುದಾಯ ರೇಡಿಯೋ ಶುರುವಾಯಿತು. ಲಾಭಕ್ಕಲ್ಲ, ಕೇಳುಗರ ಚಂದಾದಿಂದ ನಡೆಯುವಂಥದ್ದು. ಬೆಳಗಿನ ಕಾರ್ಯಕ್ರಮಕ್ಕೆ ಕಾರ್ಲ್ ವುಲ್ಫ್‌ಸನ್ ವಾಪಸ್ ಬಂದರು. ನಾನು ಚಂದಾ ಕಟ್ಟಿದೆ. ಟೈಲ್ಸ್ ಅಂಗಡಿಯ ಗೆಳೆಯರಿಗೆ ಫೋನ್ ಮಾಡಿ ಹೇಳಿದೆ. ಅವರೂ ಕಟ್ಟಿದರು, ಅಂಗಡಿಯ ಹೆಸರಲ್ಲಿ ಅಲ್ಲ, ಸ್ವಂತ ಹೆಸರಲ್ಲಿ. ಗೋದಾಮಿನ ಹಳೇ ರೇಡಿಯೋದಲ್ಲಿ ಎಫ್‌ಎಂ ಗುಂಡಿ ಸಿಮೆಂಟ್ ಪುಡಿಗೆ ಕಚ್ಚಿಕೊಂಡುಬಿಟ್ಟಿತ್ತಂತೆ. ಒದ್ದೆ ಬಟ್ಟೆಯಲ್ಲಿ ಒರೆಸಿ ಒರೆಸಿ ಬಿಡಿಸಿಕೊಂಡರು.